ಉಳುಕು ತಗಿಯೂ ರಾಚವ್ವ

ನಮ್ಮ ನೆಗೆಣ್ಣಿ, ಅಂದ್ರ ನನ್ನ ಗಂಡನ ಅಣ್ಣನ ಹೆಂಡ್ತಿ ರಾಚವ್ವ, ತಾಯಿ ಹೊಟ್ಟಿಯಿಂದ ಕಾಲು ಮುಂದಾಗಿ ಹುಟ್ಟಿದಾಕಿ. ಅಂಥವರು ಕಾಲು ತಾಗಿಸಿದ್ರ ಉಳುಕು ಹೋಗತೈತಿ ಅಂತ ನಮ್ಮೂರು ನಿಡೋಣಿ ಮಂದಿಯೆಲ್ಲಾ ಅಕಿ ಬಾಗಲಕ್ಕ ಬರತಿದ್ರು. ಟೊಂಕ ಹಿಡದವರು, ಕುತ್ತಿಗಿ ಹಿಡದವರು. ಮೂರು ಸಲ ಎಡಗಾಲಿಂದ ಮೆಲ್ಲಕ ಒತ್ತಿ, "ಏಳ್ರಿ ಏಳ್ರಿ, ನನಗ ರೊಟ್ಟಿ ಬಡಿಯೂದೈತಿ" ಅಂತ ಬೈದು ಕಳಸಾಕಿ.

ಅರವತ್ತೆರಡನೇ ಇಸವಿ, ಜೋಳದ ಸುಗ್ಗಿ. ನನ್ನ ಮಗಳು ನೀಲವ್ವಗ ಆರು ವರ್ಷ. ಮುಂಜಾನೆ ನೋಡಿದ್ರ ಮೈ ಕಾದ ಹಂಚಾಗಿತ್ತು. ತಲಿ ಸಿಡಿತೈತಿ ಅಂತ ಅಳೂದು, ಕುಡಿಸಿದ ಗಂಜಿ ಕಾರೂದು, ಬಾಗಲಾ ತಗದ್ರ "ಬೆಳಕ ಬ್ಯಾಡ ಯವ್ವಾ" ಅಂತ ಚೀರೂದು. ಎತ್ತಿ ಕೂಡ್ರಿಸಿದ್ರ ಕುತ್ತಿಗಿ ಬಗ್ಗವಲ್ದು. ಉಳುಕೇ ಇರಬೇಕಂತ ರಾಚವ್ವನ್ನ ಕರದೆ. ಅಕಿ ಕಾಲು ತಾಗಿಸಿದ್ಲು, ಎಣ್ಣಿ ತಿಕ್ಕಿದ್ಲು. ಮರುದಿನ ಕೂಸಿಗೆ ಕೈಕಾಲು ಸೆಟೆದು ಝಟಕಾ ಬಂತು. ಆಗ ಬಂಡಿ ಕಟ್ಟಿ ಬಬಲೇಶ್ವರಕ್ಕ ಹೋಗಿ, ಅಲ್ಲಿಂದ ಮೋಟಾರಿನ್ಯಾಗ ವಿಜಾಪುರದ ದವಾಖಾನಿಗೆ ನಾನೂ ರಾಚವ್ವನೂ ಕೂಡಿ ಒಯ್ದಿವಿ.

ಡಾಕ್ಟರು ಗದ್ದಾ ಎದಿಗೆ ಹಚ್ಚಾಕ ನೋಡಿದ್ರು. ಹತ್ತಲಿಲ್ಲ. "ಇದು ಉಳುಕಲ್ಲ ತಾಯಿ. ಮಿದುಳಿನ ಸುತ್ತಲ ಪರದಿ ಬಾತೈತಿ. ಜ್ವರ, ವಾಂತಿ, ಕುತ್ತಿಗಿ ಸೆಟೆಯೂದು ಕೂಡಿ ಬಂದ್ರ ಒಂದು ತಾಸೂ ತಡಾ ಮಾಡಬಾರದು" ಅಂದ್ರು. ಉಳದವರಿಗೆ ಹಬ್ಬಬಾರದಂತ ಮನಿ ಮಂದಿಗೆಲ್ಲಾ ಗುಳಿಗಿ ಕೊಟ್ರು. ಸಂಜಿಕ ನೀಲವ್ವ ಹೋದ್ಲು.

ಊರ ಮುಂದ ಎದಿ ಬಡಕೊಂಡು ರಾಚವ್ವಗ ಶಾಪಾ ಹಾಕಿದೆ. "ನಿನ್ನ ಕಾಲಿಗೆ ಹುಳಾ ಬೀಳಲಿ!" ಅಂದೆ. ಅಕಿ ತಲಿ ತಗ್ಗಿಸಿ ಒಳಗ ಹೋದ್ಲು. ಒಂದ ಅಂಗಳದಾಗಿದ್ದೂ ಅಕಿ ಜೋಡಿ ಮಾತು ಬಿಟ್ಟೆ.

ಮುಂದಿನ ವರ್ಷ ನಮ್ಮ ಓಣಿ ದಾವಲಸಾಬನ ಹೆಂಡ್ತಿ ಪೀರಾಂಬಿ ಮಗಳನ್ನ ಹೊತ್ಕೊಂಡು ಬಂದ್ಲು.

"ಕುತ್ತಿಗಿ ಹಿಡದೈತ್ರಿ, ಕಾಲು ತಾಗಸ್ರಿ."

ರಾಚವ್ವ ಹಣಿ ಮುಟ್ಟಿದ್ಲು, ಗದ್ದಾ ಬಗ್ಗಿಸಿ ನೋಡಿದ್ಲು. "ತಾಗಸಂಗಿಲ್ಲ. ಬಂಡಿ ಕಟ್ರಿ, ಈಗಿಂದೀಗ!"

ಸೊಕ್ಕು ಬಂದೈತಿ ಇಕಿಗೆ ಅಂದ್ರು ಮಂದಿ. ಅಕಿ ತಾನ ಬಂಡಿ ಏರಿ ಕುಂತ್ಲು. ಹದಿನೈದು ದಿನಕ್ಕ ಹುಡುಗಿ ಬದುಕಿ ಬಂತು, ಒಂದು ಕಿವಿ ಮಾತ್ರ ಕೇಳದಂಗಾಗಿತ್ತು.

"ಅವತ್ತ ನೀಲವ್ವನ್ನ ಕೊಂದಾಕಿ ಇವತ್ತ ಶ್ಯಾಣ್ಯಾಕಿ ಆಗ್ಯಾಳ" ಅಂತ ಓಣ್ಯಾಗ ಆಡಿದ್ರು. ಇನ್ನ ಮುಚ್ಚಿಡಲಾರೆ ನನ್ನೆವ್ವಾ. ಅವತ್ತ ರಾಚವ್ವ ನನ್ನ ನೀಲವ್ವನ ಮೈ ಮುಟ್ಟಿ ಹಿಂದ ಸರದಿದ್ಲು. "ಹೊಳೆವ್ವಾ, ಉಳುಕಿಗೆ ಇಷ್ಟು ಜ್ವರ ಬರಂಗಿಲ್ಲ. ದವಾಖಾನಿಗೆ ಒಯ್ಯೂಣು" ಅಂದಿದ್ಲು. ರಾಶಿ ಕಣದಾಗ ಬಿದ್ದೈತಿ, ಈಗ ಬಂಡಿ ಯಾರು ಬಿಡತಾರ, ಸುಮ್ನ ತಾಗಸಬೇ ಅಕ್ಕಾ ಅಂತ ಜಿದ್ದು ಹಿಡದಾಕಿ ನಾನು. ಅಷ್ಟು ಶಾಪಾ ತಿಂದ್ರೂ ಅಕಿ ಅದನ್ನ ಯಾರ ಮುಂದೂ ಹೇಳಲಿಲ್ಲ.