ಐಸಿನಲ್ಲಿಟ್ಟ ಥರ್ಮಾಮೀಟರ್

ಸೋಮನಹಳ್ಳಿಯ ಒಂದು ಸಣ್ಣ ಪನೀರ್ ಘಟಕದಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಸಹಾಯಕ್ಕೆ ಇನ್ನೊಬ್ಬರು ಬೇಕಾಗಿದ್ದರು. ಕೆಲಸ ಕೇಳಿಕೊಂಡು ಕೆರಗೋಡಿನಿಂದ ಜಯಮ್ಮ ಬಂದರು. ನಲವತ್ತು ದಾಟಿದವರು, ಓದಿದ್ದು ಹತ್ತನೇ ತರಗತಿ. ಆಹಾರ ಸುರಕ್ಷತೆಯ ನಾಲ್ಕು ವಾರದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟನ್ನು ಫೋನಿನಲ್ಲೇ ತೋರಿಸಿದರು.

"ಫೋನ್ ನೋಡ್ಕಂಡ್ ಕೂತಿದ್ರೆ ಕೆಲ್ಸ ಬಂದ್ಬುಡ್ತದೇನಮ್ಮ?" ಎಂದರು ಮಾಲೀಕರು.

"ಪರೀಕ್ಸೆ ಬರ್ದಿವ್ನಿ ಕಣಣ್ಣ. ಬೇಕಾದ್ರೆ ಕೇಳಿ."

ಕೇಳುವ ಹೊಣೆ ನನಗೆ ಬಂತು. ಕೋಲ್ಡ್ ರೂಮಿನ ಥರ್ಮಾಮೀಟರ್ ಓದಲು ಹೇಳಿದೆ.

"ನಾಕು ಡಿಗ್ರಿ. ಇದು ಸರಿಯಾಗ್ ತೋರುಸ್ತದಾ ಸಾರ್? ಯಾವಾಗ ಚೆಕ್ ಮಾಡಿದ್ರಿ?"

ದಿನಕ್ಕೆರಡು ಸಲ ಅದರ ಅಂಕಿ ಬರೆದಿಡುತ್ತಿದ್ದೆ. ಥರ್ಮಾಮೀಟರನ್ನೇ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಜಯಮ್ಮ ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಒಂದು ಲೋಟ ಪುಡಿ ಐಸು ತಂದರು. ಸ್ವಲ್ಪ ನೀರು ಬೆರೆಸಿ, ಥರ್ಮಾಮೀಟರಿನ ಕಡ್ಡಿ ಇಳಿಬಿಟ್ಟು, ಅಂಕಿ ನಿಲ್ಲುವ ತನಕ ಕಾದರು. ಸೊನ್ನೆ ತೋರಿಸಬೇಕಾದದ್ದು ಮೈನಸ್ ಮೂರು ತೋರಿಸಿತು. ಅಂದರೆ ನಾನು ಬರೆದ ನಾಲ್ಕು ನಿಜಕ್ಕೂ ಏಳು; ಪನೀರು ಕೆಡದಿರಲು ಐದು ದಾಟಬಾರದು.

"ಬಿಎಸ್ಸಿ ಓದಿದೀಯ, ನಿಂಗ್ಯಾಕ್ಲಾ ಇದು ಒಳೀನಿಲ್ಲ?" ಮಾಲೀಕರು ನನ್ನತ್ತ ತಿರುಗಿದರು.

"ಬುಡಿ ಅಣ್ಣ, ಎಲ್ರೂ ಮರೀತಾರೆ," ಎಂದರು ಜಯಮ್ಮ.

ಕಾಲೇಜಿನಲ್ಲಿ ಇದೇ ಪ್ರಯೋಗಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಇಲ್ಲಿ ಮಾಡಬೇಕೆಂದು ತೋಚಿರಲಿಲ್ಲ.

"ಸೋಮವಾರದಿಂದ ಬಾರಮ್ಮ," ಎಂದರು ಮಾಲೀಕರು, "ಇವನ್ಗೂ ಒಸಿ ಏಳ್ಕೊಡು."

ಆ ಕೋರ್ಸಿಗೆ ಈಗ ನಾನೂ ಸೇರಿದ್ದೇನೆ. ಪದವೀಧರರಿಗೆ ಮೊದಲ ಪಾಠದಿಂದ ವಿನಾಯಿತಿ ಇದೆಯೇ ಎಂದು ಹುಡುಕಿದೆ. ಇಲ್ಲ.