ಅಣ್ಣನ ಗಿಟಾರಿಗೆ ನಾನು ಕೂಡಿಸಿದ ದನಿ

ಅಣ್ಣ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಒಂದು ಶನಿವಾರ ಎಲೆಕ್ಟ್ರಿಕ್ ಗಿಟಾರು ಹೊತ್ತುಕೊಂಡು ಮೂಡಿಗೆರೆಯ ನಮ್ಮ ಮನೆಗೆ ಬಂದ. ಊರು ಬಿಡುತ್ತಿದ್ದ ಯಾವುದೋ ಎಸ್ಟೇಟ್ ಮ್ಯಾನೇಜರಿಂದ ಕೊಂಡದ್ದಂತೆ. ಜೊತೆಗೆ ಮನೆಯೊಳಗೆ ಅಭ್ಯಾಸ ಮಾಡುವುದಕ್ಕಷ್ಟೇ ಸಾಲುವ ಒಂದು ಪುಟ್ಟ ಆಂಪ್ಲಿಫೈಯರ್. ಅದು ಎಂಬತ್ತರ ದಶಕದ ಮಧ್ಯಭಾಗ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ, ಪಿಯುಸಿಗೇ ನನ್ನ ಓದು ನಿಲ್ಲಿಸಿ ಗಂಡು ನೋಡುತ್ತಿದ್ದರು. ಅಣ್ಣ ಸೋಮವಾರ ಬಸ್ಸು ಹತ್ತಿದರೆ ಮತ್ತೆ ಬರುವುದು ಶನಿವಾರ. ನಡುವಿನ ದಿನಗಳಲ್ಲಿ ಗಿಟಾರು ನನ್ನದು. ಭಜನೆಗೆ ಹಾರ್ಮೋನಿಯಂ ನುಡಿಸಿ ಸ್ವರದ ಪರಿಚಯವಿತ್ತು. ಅಣ್ಣನ ಬೆರಳು ನೋಡಿ ನೋಡಿಯೇ ಉಳಿದದ್ದನ್ನು ಕಲಿತೆ. ನಾನು ನುಡಿಸುತ್ತೇನೆ ಎಂಬುದು ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗಿರಲಿಲ್ಲ.

ಮರುವರ್ಷ ಅಣ್ಣನ ಕೈಗೆ ಡಿಸ್ಟಾರ್ಷನ್ ಪೆಡಲ್ ಬಂತು. ಬಸ್ ಸ್ಟ್ಯಾಂಡಿನ ಬಳಿ ಗ್ಯಾರೇಜು ಇಟ್ಟಿದ್ದ ಬ್ಯಾರಿ ಕುಟುಂಬದ ಗೆಳೆಯನೊಬ್ಬ ದುಬೈಯಲ್ಲಿದ್ದ ಚಿಕ್ಕಪ್ಪನ ಮೂಲಕ ತರಿಸಿಕೊಟ್ಟದ್ದು. ಕಾಲಿನಿಂದ ಒತ್ತುವ ಸಣ್ಣ ಲೋಹದ ಪೆಟ್ಟಿಗೆ. ಒತ್ತಿದರೆ ಗಿಟಾರಿನ ನುಣುಪು ದನಿ ಒಡೆದು ಒರಟಾಗಬೇಕು, ಒಂದೊಂದು ಸ್ವರವೂ ಉದ್ದಕ್ಕೆ ನಿಲ್ಲಬೇಕು. ಅಣ್ಣ ಪೆಡಲಿನದ್ದೂ ಆಂಪಿನದ್ದೂ ಎಲ್ಲ ಗುಂಡಿಗಳನ್ನು ಕೊನೆಯವರೆಗೆ ತಿರುಗಿಸಿ ತಂತಿ ಮೀಟಿದ. ಮನೆಯಿಡೀ ಕಿರುಚಿತು. ಮಲ್ಲಂದೂರಿನ ಎಸ್ಟೇಟಿನಲ್ಲಿ ಕಾಫಿಹಣ್ಣು ಸುಲಿಯುವ ಯಂತ್ರದ ಸದ್ದು ಕೇಳುತ್ತ ಬೆಳೆದ ಅಮ್ಮ ಅಡುಗೆಮನೆಯಿಂದಲೇ, "ಎಂತದೋ ಅದು, ಪಲ್ಪರಿಗೆ ಕಲ್ಲು ಸಿಕ್ಕಿದ ಹಾಗೆ ಕೇಳ್ತದೆ. ನಿಲ್ಲಿಸು ಮಾರಾಯ" ಅಂದಳು.

"ಕೆಟ್ಟ ಮಾಲು ಕೊಟ್ಟಿದಾನೆ" ಎಂದು ಗೊಣಗಿ ಅಣ್ಣ ಅದನ್ನು ಮಂಚದ ಕೆಳಗೆ ತಳ್ಳಿ ಹೋದ.

ಆ ವಾರವೆಲ್ಲ ನಾನು ಅದರ ಮುಂದೆ ಕೂತೆ. ಮೊದಲು ಪೆಡಲನ್ನು ಆಫ್ ಮಾಡಿ, ಬರೀ ಆಂಪಿನಲ್ಲಿ ಗಿಟಾರಿನ ದನಿ ತಿಳಿಯಾಗುವಂತೆ ಮಾಡಿಕೊಂಡೆ. ಆಂಪಿನ ಸ್ಪೀಕರು ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ದಪ್ಪ ಸ್ವರ ಬಂದರೆ ಗಡಗಡ ನಡುಗುತ್ತಿತ್ತು. ಹಾಗಾಗಿ ಬೇಸ್ ಇಳಿಸಿದೆ. ಆಮೇಲೆ ಪೆಡಲ್ ಒತ್ತಿ, ಒತ್ತಿದಾಗಲೂ ಬಿಟ್ಟಾಗಲೂ ದನಿಯ ಎತ್ತರ ಒಂದೇ ಇರುವ ಹಾಗೆ ಅದರ ಲೆವೆಲ್ ಹೊಂದಿಸಿದೆ. ದನಿ ಒಡೆಯುವ ಗುಂಡಿಯನ್ನು ಮಾತ್ರ ತಳದಿಂದ ಶುರುಮಾಡಿ ಕೂದಲೆಳೆಯಷ್ಟೇ ಏರಿಸುತ್ತ ಹೋದೆ. ಅರ್ಧಕ್ಕೂ ಮೊದಲೇ ಒಂದು ಕಡೆ ದನಿ ತುಂಬಿಕೊಂಡಿತು. ಅಲ್ಲಿಂದ ಮುಂದೆ ಹೋದರೆ ಬರೀ ಗದ್ದಲ. ಟೋನ್ ಇಳಿಸಿದಾಗ ಜೇನುಹುಳದಂಥ ಗುಂಯ್‌ಗುಡುವಿಕೆಯೂ ಹೋಯಿತು. ಗಿಟಾರನ್ನು ಆಂಪಿನ ಮುಖಕ್ಕೆ ಹಿಡಿದರೆ ಶಿಳ್ಳೆ ಏಳುತ್ತದೆ, ಪಕ್ಕಕ್ಕೆ ತಿರುಗಿದರೆ ಅಡಗುತ್ತದೆ ಎಂಬುದೂ ತಿಳಿಯಿತು. ಗುರುವಾರ ಮಧ್ಯಾಹ್ನ ಒಂದು ಸ್ವರ ಮೀಟಿ ಬಿಟ್ಟೆ. ಅದು ಅಳುವ ಹಾಗೂ ಇತ್ತು, ಬೈಯುವ ಹಾಗೂ ಇತ್ತು. ನನ್ನ ಬಾಯಿಂದ ಅಂಥ ದನಿ ಎಂದೂ ಹೊರಟಿರಲಿಲ್ಲ.

ಶನಿವಾರ ಅಣ್ಣನಿಗೆ ಕೇಳಿಸಿದೆ.

"ಯಾರು ಸರಿ ಮಾಡಿದ್ದು ಇದನ್ನ?"

"ನಾನೇ."

"ಸುಮ್ನಿರೇ" ಅಂದ. ಮತ್ತೆ ಮತ್ತೆ ನುಡಿಸಿ ನೋಡಿದ. ಹೇಳಿಕೊಟ್ಟರೆ ಅವನಿಗೆ ಮರೆತುಹೋಗುತ್ತಿತ್ತು. ಕೊನೆಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಪ್ರತಿ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಚುಕ್ಕೆ ಇಟ್ಟುಕೊಟ್ಟೆ.

ಆ ವರ್ಷದ ರಾಜ್ಯೋತ್ಸವಕ್ಕೆ ಶಾಲೆಯ ಮೈದಾನದಲ್ಲಿ ಅಣ್ಣನ ಗೆಳೆಯರ ಆರ್ಕೆಸ್ಟ್ರಾ. ಕಳಸದ ಕಡೆಯ ಒಂದು ಮನೆಯವರು ಅಷ್ಟರಲ್ಲಿ ನನ್ನನ್ನು ನೋಡಿಹೋಗಿದ್ದರು, ಮಾತು ಹೆಚ್ಚುಕಡಿಮೆ ಮುಗಿದಿತ್ತು. ಹುಡುಗನ ಸೋದರಮಾವ ಅಪ್ಪನ ಪಕ್ಕದಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು, ಅಮ್ಮ ಹೆಂಗಸರ ಸಾಲಿನಲ್ಲಿ.

ಪುಟ್ಟ ಆಂಪಿನ ದನಿ ಮೈದಾನಕ್ಕೆ ಸಾಲದೆಂದು ಯಾರೋ ಅದರ ವಾಲ್ಯೂಮನ್ನು ಪೂರ್ತಿ ಏರಿಸಿ, ಎದುರಿಗೆ ಮೈಕು ನಿಲ್ಲಿಸಿ, ಅಣ್ಣನ ಕಡೆಗೇ ಮುಖ ಮಾಡಿ ಇಟ್ಟಿದ್ದರು. ಅಣ್ಣ ಪೆಡಲ್ ಒತ್ತಿದ್ದೇ ತಡ, ಕಿವಿ ಸೀಳುವ ಕೂಗು. ಜನ ನಕ್ಕರು, ಹಿಂದಿನಿಂದ ಶಿಳ್ಳೆ ಬಿತ್ತು. ಅಣ್ಣ ಬಗ್ಗಿ ಒಂದೊಂದೇ ಗುಂಡಿ ತಿರುಗಿಸಿದ, ಕೂಗು ನಿಲ್ಲಲಿಲ್ಲ. ಅವನ ಕಣ್ಣು ಹೆಂಗಸರ ಸಾಲಿನಲ್ಲಿ ಹುಡುಕಿತು, ನನ್ನ ಮೇಲೆ ನಿಂತಿತು. ಕೈ ಎತ್ತಿ ಬಾ ಎಂದು ಕರೆದ. ಅಮ್ಮ ಅದನ್ನು ನೋಡಿ, ನನ್ನ ಸೆರಗು ಹಿಡಿದಿದ್ದ ಕೈ ಬಿಟ್ಟಳು.

ನಾನು ಎದ್ದು ಹೋದೆ. ಆಂಪನ್ನು ಮೈಕಿನ ಸಮೇತ ಹಿಂದಕ್ಕೆ ಸರಿಸಿ ಮುಖವನ್ನು ಜನರ ಕಡೆ ತಿರುಗಿಸಿದೆ. ವಾಲ್ಯೂಮು ಇಳಿಸಿ, ಗುಂಡಿಗಳನ್ನು ಮತ್ತೆ ಚುಕ್ಕೆಗೆ ತಂದು, "ಇದರ ಎದುರು ನಿಲ್ಲಬೇಡ, ಆಚೆ ನಿಂತ್ಕೋ" ಅಂದೆ. ಸರಿಯಾಯಿತೇ ನೋಡಬೇಕಿತ್ತು. ಅಣ್ಣನೇ ಕೊರಳಿಂದ ಗಿಟಾರು ತೆಗೆದು ಕೊಟ್ಟ. ನಾನು ಒಂದು ಸ್ವರ ಮೀಟಿ, ಬೆರಳನ್ನು ಅಲ್ಲೇ ಅಲುಗಿಸುತ್ತ ಹಿಡಿದೆ. ಅದು ಮೈದಾನ ದಾಟಿ ಹೋಯಿತು. ಹಿಂದಿನ ಶಿಳ್ಳೆ ನಿಂತಿತು. ಇನ್ನೊಂದು ಮೀಟಿದೆ, ಅಗತ್ಯವಿರಲಿಲ್ಲ, ಆದರೂ ಮೀಟಿದೆ. ಆಮೇಲೆ ಗಿಟಾರು ಕೊಟ್ಟು ಇಳಿದು ಬಂದೆ. ಆವತ್ತು ಅಣ್ಣನಿಗೆ ಸಿಕ್ಕಷ್ಟು ಚಪ್ಪಾಳೆ ಬೇರೆ ಯಾರಿಗೂ ಸಿಗಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಚಪ್ಪಲಿಯನ್ನೂ ಬಿಡದೆ ಕೇಳಿದರು. "ಯಾರನ್ನ ಕೇಳಿ ಹತ್ತಿದೆ ಸ್ಟೇಜಿಗೆ?"

"ಅಣ್ಣ ಕರೆದ."

ಅಪ್ಪ ಅಣ್ಣನ ಕಡೆ ತಿರುಗಿದರು. ಅಣ್ಣ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ನಾನು ಕರೀಲಿಲ್ಲಪ್ಪ. ಅವಳೇ ಬಂದಳು."

ನಾನು ಅಮ್ಮನನ್ನು ನೋಡಿದೆ. ಅಮ್ಮ ಒಲೆಯ ಮುಂದೆ ಕೂತು, ಇನ್ನೂ ಹೊತ್ತಿಕೊಳ್ಳದ ಸೌದೆಯನ್ನು ಊದತೊಡಗಿದಳು.

ಕಳಸದವರು ಮತ್ತೆ ಬರಲಿಲ್ಲ. ಕಾರಣ ಅವರು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಆದರೆ ಅಪ್ಪನಿಗೆ ಅದು ಗೊತ್ತೇ ಇತ್ತು, ನನಗೂ ದಿನಾ ಗೊತ್ತುಮಾಡುತ್ತಿದ್ದರು. ಆ ಸಂಬಂಧ ತಪ್ಪಿದ್ದಕ್ಕೆ ನನಗೆ ದುಃಖವಾಗಲಿಲ್ಲ. ಗಿಟಾರು, ಆಂಪು, ಪೆಡಲ್ ಎಲ್ಲ ಅಣ್ಣನ ಹಾಸ್ಟೆಲಿಗೆ ಹೋದವು. ಹೋಗುವಾಗ ಅಣ್ಣ ನನ್ನ ಜೊತೆ ಮಾತಾಡಲಿಲ್ಲ, ನಾನೇ ಏನೋ ತಪ್ಪು ಮಾಡಿದವಳ ಹಾಗೆ. ಮುಂದಿನ ಬೇಸಿಗೆಯಲ್ಲಿ ನನ್ನನ್ನು ಸಂಸೆಯ ಒಂದು ಮನೆಗೆ ಕೊಟ್ಟರು. ಆ ಮನೆಯಲ್ಲಿ ರೇಡಿಯೋ ಹಾಕುವುದಕ್ಕೂ ಮಾವನವರನ್ನು ಕೇಳಬೇಕಿತ್ತು. ಅಣ್ಣ ಕೆಲವು ವರ್ಷ ಆರ್ಕೆಸ್ಟ್ರಾ ನಡೆಸಿ, ಆಮೇಲೆ ಅಂಗಡಿಯಲ್ಲಿ ಕೂತ. ಪೆಡಲನ್ನು ಯಾರಿಗೋ ಕೊಟ್ಟನಂತೆ. ಯಾರಿಗೆಂದು ನಾನು ವಿಚಾರಿಸಲಿಲ್ಲ.

ಈಗ ಮನೆಯ ಸಮಾರಂಭಗಳಲ್ಲಿ ಅವನು ಆ ಕತೆಯನ್ನು ಹೆಮ್ಮೆಯಿಂದ ಹೇಳುತ್ತಾನೆ. "ನನ್ನ ತಂಗಿ ಧೈರ್ಯ ನೋಡಿ ನೀವು. ಆ ಕಾಲದಲ್ಲೇ ಯಾರಿಗೂ ಹೇಳದೆ ಕೇಳದೆ ಸ್ಟೇಜಿಗೆ ನುಗ್ಗಿದವಳು." ಎಲ್ಲರೂ ನಗುತ್ತಾರೆ. ಅವನ ಮಗನ ಗೃಹಪ್ರವೇಶದ ದಿನ ನನಗೆ ತಡೆಯಲಾಗಲಿಲ್ಲ.

"ನುಗ್ಗಲಿಲ್ಲ ಅಣ್ಣ. ನೀನು ಕೈ ಎತ್ತಿ ಕರೆದೆ."

"ಇರಬಹುದು" ಅಂದ, ಎಲೆಗೆ ಸುಣ್ಣ ಹಚ್ಚುತ್ತ. "ಅಷ್ಟು ಹಿಂದಿನದೆಲ್ಲ ಯಾರಿಗೆ ನೆನಪಿರ್ತದೆ ಮಾರಾಯ್ತಿ." ಹಾಗೆಂದು ಪಕ್ಕದವರ ಕಡೆ ತಿರುಗಿ, ಈ ಸಲ ಪಾರ್ಚ್‌ಮೆಂಟ್ ಕಾಫಿಗೆ ರೇಟು ಹೇಗಿದೆ ಎಂದು ಮಾತು ಶುರುಮಾಡಿದ. ಅವನು ಕರೆದದ್ದನ್ನು ನೋಡಿದ್ದ ಅಮ್ಮ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ನಾನು ಎದ್ದು ಎರಡನೇ ಪಂಕ್ತಿಗೆ ಬಡಿಸಲು ಹೋದೆ.