ಅಕ್ಕನಾಗಿದ್ದ ಆ ಒಂದು ವಾರ

ಇಸ್ತ್ರಿಯಮ್ಮನಿಗೆ ಹೆಸರಿರಲಿಲ್ಲವೆಂದಲ್ಲ, ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಹೋಟೆಲುಗಳ ಹಾಸಿಗೆ ಹೊದಿಕೆ, ಸಾಹೇಬರ ಅಂಗಿ, ಎಲ್ಲವನ್ನೂ ಒಗೆದುಕೊಡುವ ದೊಡ್ಡ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅವಳ ಆಯುಷ್ಯ ಉಗಿಯಾಗಿ ಹೋಗಿತ್ತು. ಕಾಲರನ್ನು ತುದಿಯಿಂದ ನಡುವಿಗೆ ಉಜ್ಜಬೇಕು, ಇಲ್ಲವಾದರೆ ಸುಕ್ಕೆಲ್ಲ ಮೂಲೆಗೆ ಬಂದು ಕೂರುತ್ತದೆ ಎಂದು ಹೊಸಬರಿಗೆ ಹೇಳಿ ಹೇಳಿ ನಾಲಗೆ ಸವೆದಿತ್ತು. ಅದು ಬಿಟ್ಟರೆ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಯಾರೊಂದಿಗೆ ಆಡಬೇಕು ಹೇಳಿ? ಮದುವೆಯ ಯೋಗ ಅಕ್ಕತಂಗಿ ಇಬ್ಬರಿಗೂ ಕೂಡಿಬರಲಿಲ್ಲ. ಇದ್ದವಳೊಬ್ಬಳು ಅಕ್ಕ, ಅವಳು ತೀರಿಹೋಗಿ ಮೂರು ವರ್ಷವಾಗಿತ್ತು.

ಅಕ್ಕ ಮಹಾ ಪುಕ್ಕಲಿ. ಮನೆಯಲ್ಲೇ ಕೂತು ಬಟ್ಟೆಯ ಅಂಚು ಹೊಲಿದುಕೊಡುತ್ತಿದ್ದಳು. ಬಾಗಿಲು ಸದ್ದಾದರೆ ಬೆಚ್ಚಿಬಿದ್ದು ಸೂಜಿಯನ್ನು ಬೆರಳಿಗೇ ಚುಚ್ಚಿಕೊಳ್ಳುವಳು. ಅದಕ್ಕೇ ತಂಗಿ ಹೊರಗೆ ನಿಂತು ಒಮ್ಮೆ ಕೆಮ್ಮಿ ಒಳಗೆ ಬರುವ ಪರಿಪಾಠ. ಈಗ ಒಳಗೆ ಬೆಚ್ಚುವವರು ಯಾರೂ ಇಲ್ಲ, ಆದರೂ ಬೀಗ ತೆಗೆಯುವ ಮುಂಚೆ ಕೆಮ್ಮುತ್ತಾಳೆ. "ಒಂದ್ಸಲ ಎದೆ ತೋರಿಸ್ಕೊಳ್ಳಮ್ಮ" ಎಂದು ಪಕ್ಕದ ಮನೆಯಾಕೆ ಬುದ್ಧಿ ಹೇಳಿದ್ದೂ ಉಂಟು.

ಎದೆ ಚೆನ್ನಾಗಿಯೇ ಇತ್ತು, ಕೈಕೊಟ್ಟಿದ್ದು ಹೊಟ್ಟೆ. ಉಂಡರೆ ನೋವು, ಉಣ್ಣದಿದ್ದರೂ ನೋವು. ಹೊಸ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ಮಾಡಿಸಿ, "ಪಿತ್ತಕೋಶದಲ್ಲಿ ಕಲ್ಲಿದೆ, ತೆಗೀಲೇಬೇಕು. ತಡ ಮಾಡಿದ್ರೆ ಜೀವಕ್ಕೇ ಕುತ್ತು. ಹಿಂದೆ ಎಲ್ಲಾದ್ರೂ ಅಡ್ಮಿಟ್ ಆಗಿದ್ರಾ?" ಎಂದರು.

"ಚಿಕ್ಕವಯಸ್ಸಲ್ಲಿ ಕಾಮಾಲೆ ಆಗಿತ್ತು. ಹಳೇ ಆಸ್ಪತ್ರೇಲಿ."

"ಅಲ್ಲಿಂದ ಹಳೇ ದಾಖಲೆಗಳ ಪ್ರತಿ ತನ್ನಿ. ಅದನ್ನ ನೋಡದೆ ನಾನು ಕತ್ತಿ ಹಿಡಿಯಲ್ಲ."

ಆ ಕಡತದಲ್ಲಿ ಇನ್ನೇನಿದೆ ಎಂದು ಇಸ್ತ್ರಿಯಮ್ಮನಿಗೆ ಗೊತ್ತಿತ್ತು. ಇಲಿ ತಿಂದಿರಲಿ ದೇವರೇ ಎಂದು ಬೇಡಿಕೊಂಡೇ ಬಸ್ಸು ಹತ್ತಿದಳು.

ಎಲ್ಲಿಯ ಇಲಿ! ಹಳೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಾಖಲೆ ಕೋಣೆ. ಅಲ್ಲಿನ ಗುಮಾಸ್ತ ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಹಾಳೆ ಮಗುಚುವ ಶಿಸ್ತಿನ ಮನುಷ್ಯ. ಅವಳ ಅರ್ಜಿ ನೋಡಿದ, ಒಳಗೆ ಹೋದ, ಕಡತ ತಂದು ಮೇಜಿನ ಮೇಲಿಟ್ಟ. ಹೊಸ ಡಾಕ್ಟರ ಚೀಟಿಯನ್ನು ಪಕ್ಕದಲ್ಲಿಟ್ಟು ಓದುತ್ತ ಹೋದವನ ಹುಬ್ಬು ನಿಧಾನಕ್ಕೆ ಮೇಲೇರಿತು.

"ಏನಮ್ಮ ಇದು? ಇಲ್ಲಿ ನೋಡಿದ್ರೆ ನಿಮ್ಮ ಪಿತ್ತಕೋಶ ತೆಗೆದು ಹನ್ನೆರಡು ವರ್ಷ ಆಗಿದೆ. ಅಲ್ಲಿ ನೋಡಿದ್ರೆ ಅದರಲ್ಲಿ ಕಲ್ಲಿದೆ ಅಂತಾರೆ. ಮತ್ತೆ ಬೆಳೆಯೋಕೆ ಅದೇನು ಉಗುರಾ?"

ಬಾಯಿ ಬಿಟ್ಟರೆ ಬಣ್ಣಗೇಡು. ನಡೆದದ್ದು ಇಷ್ಟೇ: ಅಕ್ಕನಿಗೆ ಕಲ್ಲಾದಾಗ, ಬಿಟ್ಟಿ ಚಿಕಿತ್ಸೆ ಸಿಗುವ ಆಸ್ಪತ್ರೆಯ ಕಾರ್ಡು ಇದ್ದದ್ದು ಲಾಂಡ್ರಿಯಲ್ಲಿ ದುಡಿಯುವ ತಂಗಿಗೆ ಮಾತ್ರ. ಅಕ್ಕನನ್ನು ತನ್ನ ಹೆಸರಲ್ಲಿ ಸೇರಿಸಿ, ಅಕ್ಕನ ಹೆಸರನ್ನು ತಾನು ಹೇಳಿಕೊಂಡು, ಒಂದು ವಾರ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ನರ್ಸು ಹತ್ತಿರ ಬಂದರೆ ಸಾಕು, ಆ ಪುಕ್ಕಲಿಗೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತಿತ್ತು. "ಅಕ್ಕಾ, ಒಂಚೂರು ನೀರು ಕೊಡಕ್ಕಾ" ಎಂದು ರಾಗ ಎಳೆಯುವಳು. ಇವಳೂ ಬಿಡುತ್ತಿರಲಿಲ್ಲ: "ಸುಮ್ನೆ ಮಲ್ಕೊಳ್ಳೇ, ದೊಡ್ಡೋರ ಮಾತು ಕೇಳಬೇಕು." ನರ್ಸು ಅತ್ತ ಹೋಗುತ್ತಲೇ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗುವುದು. ಜೀವಮಾನದಲ್ಲಿ ಅಷ್ಟು ನಕ್ಕದ್ದು ಅದೇ ಮೊದಲು, ಅದೇ ಕೊನೆ.

ಗುಮಾಸ್ತ ಕಡತವನ್ನು ಅವಳ ಕಡೆ ತಿರುಗಿಸಿದ. "ನೀವೇ ನೋಡಿ. ನಿಮ್ಮದಾ ಅಲ್ವಾ ಹೇಳಿ."

ಅವಳು ನೋಡಿದಳು. ಜ್ವರದ ಗೆರೆ, ಮಾತ್ರೆಗಳ ಹೆಸರು, ಅದರ ಕೆಳಗೆ ಯಾರೋ ನರ್ಸಿನ ಗೀಚು ಬರಹ: 'ರೋಗಿ ಮತ್ತು ಆಕೆಯ ಅಕ್ಕ ಜೋರಾಗಿ ನಗುತ್ತಿದ್ದರು. ಹೊಲಿಗೆ ಬಿಚ್ಚೀತೆಂದು ಎರಡು ಸಲ ಎಚ್ಚರಿಸಲಾಯಿತು.'

ಅಯ್ಯೋ ಶಿವನೇ! ತಾವಿಬ್ಬರು ನಕ್ಕದ್ದನ್ನು ಕಂಡ ಮೂರನೆಯವರು ಈ ಲೋಕದಲ್ಲಿದ್ದರು, ಅದನ್ನು ಬರೆದೂ ಇಟ್ಟಿದ್ದರು. ಮೂರು ವರ್ಷದಿಂದ ಗೋಡೆಯ ಜೊತೆ ಬದುಕಿದ ಜೀವಕ್ಕೆ ಆ ಎರಡು ಸಾಲು ಬೇಕೇ ಬೇಕು ಅನಿಸಿಬಿಟ್ಟಿತು.

"ನನ್ನದೇ. ಎಲ್ಲಾ ನನ್ನದೇ. ಎಲ್ಲದರ ಪ್ರತಿ ಕೊಡಿ" ಎಂದಳು.

ಗುಮಾಸ್ತ ಮೊಹರು ಎತ್ತಿಕೊಂಡವನು ಒತ್ತಲಿಲ್ಲ. "ನೋಡಮ್ಮ, ಇದು ಬಿದ್ದರೆ ಈ ಹಾಳೆಗಳೆಲ್ಲ ನಿಮ್ಮ ಮೈ ಅಂತಾಯ್ತು. ರಕ್ತದ ಗುಂಪು ಕೂಡ ಎರಡು ಕಡೆ ಎರಡು ಥರ ಇದೆ. ನಾಳೆ ನೀವು ಪ್ರಜ್ಞೆ ಇಲ್ಲದೆ ಮಲಗಿರುವಾಗ ಡಾಕ್ಟರು ಯಾವುದನ್ನ ನಂಬಬೇಕು? ಅಲ್ಲ ಅಂದ್ರೆ ಅಲ್ಲ ಅಂತ ಬರೆದುಕೊಡಿ. ಬೇರೆಯವರ ಹಾಳೆ ತೆಗೆದಿಟ್ಟು, ನಿಮ್ಮದು ಮಾತ್ರ ಕೊಡ್ತೀನಿ."

"ತೆಗೆದಿಟ್ಟದ್ದು ಆಮೇಲೆ ನನಗೆ ಸಿಗುತ್ತಾ?"

"ಅದು ಹೇಗೆ ಸಿಗುತ್ತೆ? ಅವರೇ ಬಂದು ಕೇಳಬೇಕು. ಅವರು ಇಲ್ಲ ಅಂದ್ರೆ, ಸಂಬಂಧ ತೋರಿಸೋ ಕಾಗದ ಇಟ್ಕೊಂಡು ಅವರ ಕಡೆಯವರು ಬರಬೇಕು."

ಎಲ್ಲಿಂದ ತರುವುದು ಕಾಗದ? ಒಂದೇ ತಟ್ಟೆಯಲ್ಲಿ ಉಂಡದ್ದಕ್ಕೆ ಯಾವ ಕಚೇರಿ ಚೀಟಿ ಕೊಟ್ಟಿತ್ತು? ಇಬ್ಬರನ್ನೂ ಅಕ್ಕತಂಗಿ ಅಂದ ಕಾಗದ ಇದ್ದರೆ ಇದೊಂದೇ, ಅದರಲ್ಲೂ ಹೆಸರು ಅದಲುಬದಲು. ಸುಮ್ಮನೆ ಹೌದೆಂದು ಎಲ್ಲ ಒಯ್ದುಬಿಡೋಣ ಎಂದು ಮನಸ್ಸು ಹಟ ಮಾಡಿತು. ಆಗಲೇ ಹೊಟ್ಟೆಯಲ್ಲಿ ಚಳುಕು ಎದ್ದು, ಮೇಜಿನ ಅಂಚು ಹಿಡಿದು ನಿಂತಳು. ಅಕ್ಕ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಮೊದಲು ಜೀವ ಉಳಿಸಿಕೊಳ್ಳೇ ಮೂದೇವಿ, ಅನ್ನುತ್ತಿದ್ದಳು.

"ನನ್ನದಲ್ಲ, ಸ್ವಾಮಿ. ನಮ್ಮಕ್ಕಂದು."

"ಕಾರ್ಡು ಬದಲಾಯಿಸೋದು ತಪ್ಪು ಅಂತ ಗೊತ್ತಿರಲಿಲ್ವಾ?"

"ನಮಗೆ ಗೊತ್ತಿತ್ತು. ಕಾರ್ಡು ಯಾರ ಹತ್ರ ಇದೆ ಅಂತ ಆ ಕಲ್ಲಿಗೆ ಗೊತ್ತಿರಲಿಲ್ಲ."

ಗುಮಾಸ್ತನಿಗೆ ನಗು ಬಂತೋ ಏನೋ, ತಲೆ ತಗ್ಗಿಸಿದ. ಮುಂದೇನಾಗುತ್ತದೋ ಮೇಲಿನವರು ನೋಡಿಕೊಳ್ಳಲಿ ಎಂದು, ಅವಳು ಬರೆದುಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡ. ಅಕ್ಕನ ಹಾಳೆಗಳ ದಾರ ಬಿಚ್ಚತೊಡಗಿದ.

"ಕೊಡಬೇಡಿ. ಆ ನಗು ಅಂತ ಇದೆಯಲ್ಲ, ಅದೊಂದು ಓದಿ ಹೇಳಿ ಸಾಕು."

ಅವನು ಅತ್ತಿತ್ತ ನೋಡಿ, ಬಸ್ಸಿನ ವೇಳೆ ಹೇಳುವವನ ದನಿಯಲ್ಲಿ ಓದಿದ. ಅವಳು "ಇನ್ನೊಂದ್ಸಲ" ಎಂದಳು. ಇನ್ನೊಮ್ಮೆ ಓದಿದ. ಆಮೇಲೆ ಆ ಹಾಳೆಗಳು ಬೇರೊಂದು ರಟ್ಟಿನೊಳಗೆ ಹೋದವು. ಅವಳ ಕೈಗೆ ಬಂದದ್ದು ಕಾಮಾಲೆಯ ನಾಲ್ಕು ಹಾಳೆ.

ಹೊಸ ಆಸ್ಪತ್ರೆಯವರು ಮರುವಾರವೇ ಸೇರಿಸಿಕೊಂಡರು. ಹುಡುಗಿಯಂಥ ನರ್ಸೊಬ್ಬಳು ಬರೆದುಕೊಳ್ಳಲು ಬಂದಳು.

"ಹಿಂದೆ ಆಪರೇಷನ್ ಏನಾದ್ರೂ ಆಗಿತ್ತಾ, ಅಮ್ಮಾ?"

"ಇಲ್ಲ."

"ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ."

ನರ್ಸು ಅದನ್ನೂ ಬರೆದುಕೊಂಡು ಹೋದಳು. ಪಕ್ಕದ ಮಂಚಕ್ಕೆ ಮಗಳು, ಅಳಿಯ, ಓರಗಿತ್ತಿ ಎಂದು ಮನೆಮಂದಿಯೆಲ್ಲ ಬಂದು ಮುತ್ತಿಕೊಂಡಿದ್ದರು, ಕೂರಲು ಜಾಗವಿರಲಿಲ್ಲ. ಮಗಳು ಇತ್ತ ತಿರುಗಿ, ಇಸ್ತ್ರಿಯಮ್ಮನ ಮಂಚದ ಬದಿಗಿದ್ದ ಸ್ಟೂಲಿನ ಮೇಲೆ ಕೈಯಿಟ್ಟು, "ಇದಕ್ಕೆ ಯಾರಾದ್ರೂ ಬರ್ತಾರಾ?" ಎಂದು ಕೇಳಿದಳು.

ಇಸ್ತ್ರಿಯಮ್ಮ ಸ್ಟೂಲನ್ನು ಅವಳ ಕಡೆ ಸರಿಸಿದಳು.

"ನಮ್ಮಕ್ಕ ಬರಬೇಕಿತ್ತು. ನೀನು ತಗೊಳ್ಳಮ್ಮ" ಎಂದಳು.